ಏರಿನಲ್ಲಿ ಸೋತ ಕಾರು

ಆಟಿ ತಿಂಗಳ ಒಂದು ರಾತ್ರಿ. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಪೆರ್ಲದ ಕಡೆಯಿಂದ ಹೊರಟ ಹಳೆಯ ಮಾರುತಿ 800 ಕಾರೊಂದು ಉಕ್ಕಿನಡ್ಕ, ಬದಿಯಡ್ಕ, ನೀರ್ಚಾಲುಗಳನ್ನು ದಾಟಿ ಸೀತಾಂಗೋಳಿಯ ದಾರಿ ಹಿಡಿದಿತ್ತು. ಹಿಂದಿನ ಸೀಟಿನಲ್ಲಿ ಉಬ್ಬಸದಿಂದ ನರಳುತ್ತಿದ್ದ, ಎಪ್ಪತ್ತು ದಾಟಿದ ವೃದ್ಧೆ. ಅವರನ್ನು ಆನಿಸಿಕೊಂಡು ಕುಳಿತ ಸೊಸೆ. ಸ್ಟಿಯರಿಂಗ್ ಹಿಡಿದವನು ಅಡಿಕೆ ಕೃಷಿಕನಾದ ಮಗ. ಕುಂಬಳೆ ತಲುಪಿ ಹೆದ್ದಾರಿ ಸೇರಿದರೆ ತಲಪಾಡಿ, ಅಲ್ಲಿಂದ ಮುಂದೆ ಮಂಗಳೂರಿನ ಆಸ್ಪತ್ರೆ. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿಯೇ ಶಿಲಾನ್ಯಾಸವಾಗಿದ್ದರೂ, ನಡುರಾತ್ರಿಯಲ್ಲಿ ಉಸಿರು ಕಟ್ಟಿದಾಗ ಈ ಊರುಗಳ ಜನರ ಮನಸ್ಸು ಓಡುವುದು ಇಂದಿಗೂ ಮಂಗಳೂರಿನ ಕಡೆಗೇ.

ಸಮತಟ್ಟಿನಲ್ಲಿ ಸರಾಗವಾಗಿ ಬಂದ ಕಾರು ಒಂದು ದೀರ್ಘ ಏರಿನ ಮಧ್ಯದಲ್ಲಿ ಸೊರಗತೊಡಗಿತು. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿದರೂ ಎಳೆತ ಬರಲಿಲ್ಲ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಷ್ಟೂ ಎಂಜಿನ್ ಬಿಕ್ಕಿತು, ಕೊನೆಗೆ ನಿಂತೇಹೋಯಿತು. ಐದು ನಿಮಿಷ ಕಾದ ಬಳಿಕ ಏನೂ ನಡೆದಿಲ್ಲವೆಂಬಂತೆ ಚಾಲೂ ಆಯಿತು. ಸ್ವಲ್ಪ ದೂರ ಏರಿ ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಹಿಂದಿನಿಂದ ಬಂದ ಜೀಪಿನವರು ವೃದ್ಧೆಯನ್ನು ತಮ್ಮ ವಾಹನಕ್ಕೆ ಎತ್ತಿಕೊಂಡು ಮಂಗಳೂರಿಗೆ ತಲುಪಿಸಿದರು. ಜೀವ ಉಳಿಯಿತು. ಜೀಪು ಬಾರದೆ ಇದ್ದಿದ್ದರೆ ಎಂಬ ಪ್ರಶ್ನೆ ಮಾತ್ರ ಆ ಮನೆಯಲ್ಲಿ ಉಳಿದುಕೊಂಡಿತು.

ವಿಚಿತ್ರವೆಂದರೆ ಆ ಕಾರು ದುರಸ್ತಿಯಾಗಿ ಬಂದು ಒಂದು ತಿಂಗಳೂ ಆಗಿರಲಿಲ್ಲ. ಅದಕ್ಕೂ ಹಿಂದಿನ ಆರು ತಿಂಗಳಲ್ಲಿ ಪ್ಲಗ್ಗುಗಳು, ಪ್ಲಗ್ ವಯರುಗಳು, ಇಗ್ನಿಷನ್ ಕಾಯಿಲ್, ಕಾರ್ಬ್ಯುರೇಟರಿನ ಕಿಟ್, ಪೆಟ್ರೋಲ್ ಫಿಲ್ಟರ್ ಎಂದು ಒಂಬತ್ತು ಸಾವಿರ ರೂಪಾಯಿ ವ್ಯಯವಾಗಿತ್ತು. ಆ ರಾತ್ರಿಯ ಘಟನೆಯ ನಂತರ ಬಂದ ಸಲಹೆ ಇನ್ನೂ ದೊಡ್ಡದು: ಎಂಜಿನ್ ಬಿಚ್ಚಬೇಕು, ಪಿಸ್ಟನ್ ರಿಂಗ್ ಹೋಗಿರಬಹುದು, ಮೂವತ್ತೈದು ಸಾವಿರವಾದರೂ ಬೇಕು. ಆ ಮೊತ್ತಕ್ಕೆ ಕಾರನ್ನೇ ಗುಜರಿಗೆ ಹಾಕುವುದು ಲೇಸೆಂದು ನೆಂಟರು ಹೇಳಿದರು. ಕೃಷಿಕನಿಗೆ ಎರಡೂ ಸಾಧ್ಯವಿರಲಿಲ್ಲ. ಹೊಸ ಕಾರಿಗೆ ಹಣವಿಲ್ಲ. ಕಾರಿಲ್ಲದೆ ತಾಯಿಯನ್ನು ಪ್ರತಿ ತಿಂಗಳೂ ವೈದ್ಯರಲ್ಲಿಗೆ ಒಯ್ಯುವ ದಾರಿಯಿಲ್ಲ.

ಒಂದೇ ದೂರು, ಹತ್ತು ಕಾರಣ

ಕಾಸರಗೋಡಿನ ಗ್ಯಾರೇಜುಗಳಲ್ಲಿ ಈ ದೂರನ್ನು ಕನ್ನಡದವರು ‘ಎಳೆತವಿಲ್ಲ’ ಎನ್ನುತ್ತಾರೆ, ಮಲಯಾಳದವರು ‘ವಲಿಯಿಲ್ಲ’ ಎನ್ನುತ್ತಾರೆ, ತುಳುವರು ‘ಒಯ್ಪುಜಿ’ ಎನ್ನುತ್ತಾರೆ. ಭಾಷೆ ಮೂರಾದರೂ ಅರ್ಥ ಒಂದೇ. ಆದರೆ ಈ ಒಂದು ಅರ್ಥದ ಹಿಂದೆ ಹತ್ತಾರು ಕಾರಣಗಳು ಅಡಗಿರುತ್ತವೆ. ಗಾಳಿ, ಇಂಧನ, ಕಿಡಿ, ಒತ್ತಡ, ಹೊಗೆ ಹೊರಹೋಗುವ ದಾರಿ — ಈ ಐದರಲ್ಲಿ ಯಾವುದು ಕೆಟ್ಟರೂ ಎಂಜಿನ್ನಿನ ಶಕ್ತಿ ಕುಂದುತ್ತದೆ. ಇವೆಲ್ಲ ಸರಿಯಿದ್ದರೂ ಕ್ಲಚ್ ಜಾರಿದರೆ ಅಥವಾ ಬ್ರೇಕ್ ಹಿಡಿದುಕೊಂಡಿದ್ದರೆ ಹುಟ್ಟಿದ ಶಕ್ತಿ ಚಕ್ರಕ್ಕೆ ದಕ್ಕುವುದಿಲ್ಲ.

ಸಮತಟ್ಟಿನಲ್ಲಿ ಕಾಣದ ದೋಷ ಏರಿನಲ್ಲಿಯೇ ಏಕೆ ಕಾಣುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯವರೆಗೆ ತಯಾರಾದ ಮಾರುತಿ 800ರ ಎಂಜಿನ್ನಿಗೆ ಮೂರು ಸಿಲಿಂಡರು, ಗಾತ್ರ 796 ಸಿ.ಸಿ.; ಕಾರ್ಬ್ಯುರೇಟರ್ ಇದ್ದ ಮಾದರಿಗಳ ಶಕ್ತಿ ಸುಮಾರು 37 ಅಶ್ವಶಕ್ತಿ. ಜನರೂ ಸೇರಿ 900 ಕಿಲೋ ತೂಗುವ ಅಂತಹ ಕಾರು ಸಮತಟ್ಟಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗಲು ಮೂರು ನಾಲ್ಕು ಅಶ್ವಶಕ್ತಿ ಸಾಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಅದೇ ವೇಗಕ್ಕೆ ಆ ತೂಕವನ್ನು ಎತ್ತುವುದಕ್ಕೇ ಇನ್ನೂ ಸುಮಾರು 13 ಅಶ್ವಶಕ್ತಿ ಬೇಕು. ಎಂದರೆ ಏರಿನಲ್ಲಿ ಎಂಜಿನ್ ನಾಲ್ಕೈದು ಪಾಲು ಹೆಚ್ಚು ದುಡಿಯಬೇಕು. ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚು ಗಾಳಿಯನ್ನೂ ಪೆಟ್ರೋಲನ್ನೂ ಸೇವಿಸಬೇಕು. ಅರ್ಧ ಮುಚ್ಚಿದ ನಳಿಗೆ ಸಮತಟ್ಟಿನ ಬೇಡಿಕೆಯನ್ನು ಪೂರೈಸುತ್ತದೆ. ಏರಿನ ಬೇಡಿಕೆಯ ಮುಂದೆ ಸೋಲುತ್ತದೆ. ಆದುದರಿಂದಲೇ ಗ್ಯಾರೇಜಿನ ಅಂಗಳದಲ್ಲಿ ಎಂಜಿನ್ನನ್ನು ಗರ್ಜಿಸಿ ನೋಡಿ ‘ಸರಿಯಾಗಿದೆ’ ಎನ್ನುವ ತೀರ್ಪಿಗೆ ಬೆಲೆಯಿಲ್ಲ. ಭಾರವಿಲ್ಲದಲ್ಲಿ ಪರೀಕ್ಷೆಯೂ ಇಲ್ಲ.

ಸಾಕ್ಷಿಯ ಹೇಳಿಕೆ ಮೊದಲು

ನೆರೆಮನೆಯವರ ಮಾತಿನ ಮೇಲೆ ಕೃಷಿಕನು ಕಾರನ್ನು ಒಬ್ಬ ವೃದ್ಧ ಮೆಕ್ಯಾನಿಕರ ಬಳಿಗೆ ಒಯ್ದನು. ನಲವತ್ತು ವರ್ಷ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪುಗಳ ಮೇಲೆ ಕೈ ಪಳಗಿಸಿಕೊಂಡ ಅವರು ಈಗ ಮನೆಯ ಪಕ್ಕದ ಚಪ್ಪರದಲ್ಲಿ ಅಪರೂಪಕ್ಕೆ ಕೆಲಸ ಮಾಡುವವರು. ಕಾರನ್ನು ಕಂಡ ಕೂಡಲೇ ಅವರು ಬಾನೆಟ್ ಎತ್ತಲಿಲ್ಲ. ಕೃಷಿಕನನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ ಕೇಳಿದರು:

“ಗಾಡಿ ಎಲ್ಲಿ ನಿಲ್ತದೆ, ಹೇಗೆ ನಿಲ್ತದೆ, ಎಷ್ಟು ಹೊತ್ತಿಗೆ ಪುನಃ ಹೊರಡ್ತದೆ, ಅದನ್ನು ಹೇಳಿ ಮಾರಾಯ್ರೆ. ಯಾಕೆ ನಿಲ್ತದೆ ಅಂತ ಈಗ ಹೇಳುವುದು ಬೇಡ.”

“ಏರಿನಲ್ಲಿ ಮಾತ್ರ ಹಾಗೆ ಆಗುವುದು. ಸಮತಟ್ಟಿನಲ್ಲಿ ಏನೂ ತೊಂದರೆ ಇಲ್ಲ.”

“ಏರು ಸುರುವಾದ ಕೂಡಲೇಯಾ, ಸ್ವಲ್ಪ ಹೋದ ಮೇಲೆಯಾ?”

“ಕಾಲು ಕಿಲೋಮೀಟರ್ ಹತ್ತಿದ ಮೇಲೆ.”

“ನಿಂತ ಮೇಲೆ?”

“ಐದು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗ್ತದೆ.”

“ಹೊಗೆ ಉಂಟಾ? ಎಂಜಿನ್ ಆಯಿಲ್ ಕಡಿಮೆ ಆಗ್ತದಾ?”

“ಎರಡೂ ಇಲ್ಲ.”

ನ್ಯಾಯಾಲಯದಲ್ಲಿ ಸಾಮಾನ್ಯ ಸಾಕ್ಷಿಯಿಂದ ನಿರೀಕ್ಷಿಸುವುದು ಅವನು ಕಂಡ ಸಂಗತಿಯನ್ನು, ಅವನ ಅಭಿಪ್ರಾಯವನ್ನಲ್ಲ. ಈ ಹಿರಿಯರು ಅನುಸರಿಸಿದ ಕ್ರಮವೂ ಅದುವೇ. ಈ ಆರೇಳು ಮಾತುಗಳಲ್ಲಿಯೇ ದೊಡ್ಡ ವೆಚ್ಚದ ಆರೋಪಿ ಬಹುಮಟ್ಟಿಗೆ ಖುಲಾಸೆಯಾಗಿದ್ದನು. ಸವೆದ ಪಿಸ್ಟನ್ ರಿಂಗು ಐದು ನಿಮಿಷದ ವಿಶ್ರಾಂತಿಯಿಂದ ಗುಣವಾಗುವುದಿಲ್ಲ. ಅದು ಸವೆದಿದ್ದರೆ ಬೆಳಿಗ್ಗೆಯೂ ಸಂಜೆಯೂ, ಏರಿನ ಬುಡದಲ್ಲಿಯೂ ತುದಿಯಲ್ಲಿಯೂ ಒಂದೇ ರೀತಿ ಬಲಹೀನವಾಗಿರಬೇಕು. ನೀಲಿ ಹೊಗೆಯನ್ನೂ ಕಾರಬೇಕು. ಮೊದಲು ಚೆನ್ನಾಗಿ ಹತ್ತಿ, ಆಮೇಲೆ ಸೋತು, ನಿಂತ ಬಳಿಕ ಚೇತರಿಸಿಕೊಳ್ಳುವ ರೋಗ ಸವಕಳಿಯದಲ್ಲ. ಯಾವುದೋ ಒಂದು ಬರಿದಾಗಿ ಮತ್ತೆ ತುಂಬಿಕೊಳ್ಳುವ, ಇಲ್ಲವೇ ಕಾದು ಮತ್ತೆ ತಣಿಯುವ ರೋಗ.

ಖರ್ಚಿಲ್ಲದ ಪರೀಕ್ಷೆಗಳು

ಹೀಗಿದ್ದರೂ ಅವರು ಊಹೆಯ ಹಿಂದೆ ಓಡಲಿಲ್ಲ. ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿದರು. ಕೃಷಿಕನ ಮಗನನ್ನು ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ, ಕಾರ್ಬ್ಯುರೇಟರಿನ ಕವಾಟ ಪೂರ್ತಿ ತೆರೆಯುತ್ತದೆಯೇ ಎಂದು ಇಣುಕಿದರು. ಸಡಿಲವಾದ ಕೇಬಲ್ ಅಥವಾ ಪೆಡಲಿನ ಅಡಿಗೆ ಮಡಚಿಕೊಂಡ ರಬ್ಬರ್ ಚಾಪೆ ಎಷ್ಟೋ ಕಾರುಗಳ ಶಕ್ತಿಯನ್ನು ತಿಂದುಹಾಕಿದ್ದುಂಟು. ಇಲ್ಲಿ ಅದು ಸರಿಯಿತ್ತು.

ಮುಂದಿನ ಸರದಿ ಕ್ಲಚ್ಚಿನದು. ಎದುರಿನಲ್ಲಿ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ ಪೆಡಲನ್ನು ನಿಧಾನವಾಗಿ ಬಿಟ್ಟರು. ಎಂಜಿನ್ ತಟ್ಟನೆ ನಿಂತಿತು. ನಿಲ್ಲದೆ ತಿರುಗುತ್ತಲೇ ಇದ್ದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಕ್ಲಚ್ ಜಾರುವ ಕಾರಿನಲ್ಲಿ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರುತ್ತದೆ. ಈ ಕಾರಿನಲ್ಲಿ ಸದ್ದೇ ಕುಗ್ಗುತ್ತಿತ್ತು. ಈ ಒಂದು ಭೇದವನ್ನು ಚಾಲಕ ಗಮನಿಸಿ ಹೇಳಿದರೆ ಅರ್ಧ ದಾರಿ ಕ್ರಮಿಸಿದಂತೆ.

ಆನಂತರ ಜ್ಯಾಕ್ ಕೊಟ್ಟು ಒಂದೊಂದೇ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದರು. ಹಿಂದಿನ ಎಡ ಚಕ್ರ ಸರಾಗವಾಗಿ ತಿರುಗಲಿಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟು ವಾರಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಕೇಬಲ್ ತುಕ್ಕು ಹಿಡಿದು, ಬ್ರೇಕ್ ಪೂರ್ತಿ ಬಿಡದೆ ಉಳಿಯುವುದು ಕರಾವಳಿಯಲ್ಲಿ ತೀರ ಸಾಮಾನ್ಯ. ಡ್ರಮ್ಮನ್ನು ಕಳಚಿ ಶುಚಿಗೊಳಿಸಿ, ಕೇಬಲಿಗೆ ಎಣ್ಣೆ ಬಿಟ್ಟರು. ಕಾರು ಮೊದಲಿಗಿಂತ ಹಗುರವಾಗಿ ಓಡಿತು. ಕಡಿಮೆ ತಾಳ್ಮೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸಿ ಬಿಲ್ಲು ಬರೆಯುತ್ತಿದ್ದರು. “ಇದು ಒಂದು ತಪ್ಪು ಹೌದು. ಆದರೆ ನೀವು ಹೇಳಿದ ತಪ್ಪು ಇದಲ್ಲ” ಎಂದರು ಹಿರಿಯರು. ಹಿಡಿದುಕೊಂಡ ಬ್ರೇಕು ಎಂಜಿನ್ನನ್ನು ಬಿಕ್ಕಿಸಿ ನಿಲ್ಲಿಸಿ, ಐದು ನಿಮಿಷದ ಬಳಿಕ ಕ್ಷಮಿಸುವುದಿಲ್ಲ. ಹಳೆಯ ಕಾರಿನಲ್ಲಿ ದೋಷಗಳು ಹಲವು ಸಿಗುತ್ತವೆ. ಸಿಕ್ಕ ಮೊದಲ ದೋಷವನ್ನೇ ಕಾರಣವೆಂದು ನಂಬುವುದು ರೋಗನಿರ್ಣಯದ ಮೊದಲ ಎಡವಟ್ಟು.

ಏರ್ ಫಿಲ್ಟರಿನ ಡಬ್ಬಿಯನ್ನು ತೆರೆದರು. ತೋಟದ ಮನೆಗಳಲ್ಲಿ ನಿಂತ ಕಾರಿನ ಗಾಳಿಕೊಳವೆಗಳಲ್ಲಿ ಇಲಿಗಳು ಅಡಿಕೆಸಿಪ್ಪೆ ತುಂಬಿ ಗೂಡು ಮಾಡುವುದುಂಟು. ಮಣ್ಣಿನ ಗೂಡು ಕಟ್ಟುವ ಕಣಜಗಳು ಸಣ್ಣ ರಂಧ್ರಗಳನ್ನು ಮುಚ್ಚಿಬಿಡುವುದುಂಟು. ಇಲ್ಲಿ ಅವು ಇರಲಿಲ್ಲ. ಮೂರು ಪ್ಲಗ್ಗುಗಳನ್ನು ಕಳಚಿ, ಯಾವ ಸಿಲಿಂಡರಿನದು ಯಾವುದೆಂಬ ಕ್ರಮ ತಪ್ಪದಂತೆ ಸಾಲಾಗಿ ಇಟ್ಟರು. ಪ್ಲಗ್ಗಿನ ತುದಿಯ ಬಣ್ಣ ಎಂಜಿನ್ನಿನ ಒಳಗಿನ ವರದಿ. ತಿಳಿಕಂದು ಇದ್ದರೆ ಆರೋಗ್ಯ. ಒಣಗಿದ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಎಣ್ಣೆಯ ಜಿಡ್ಡಿದ್ದರೆ ರಿಂಗು ಅಥವಾ ವಾಲ್ವಿನ ಸೀಲು ಸೋತಿರಬಹುದು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು. ಈ ಕಾರಿನ ಮೂರು ಪ್ಲಗ್ಗುಗಳೂ ಬಿಳಿಚಿದ್ದವು. ಒಂದು ಮಾತ್ರ ಹಾಗಿದ್ದರೆ ಆ ಒಂದು ಸಿಲಿಂಡರನ್ನು ಶಂಕಿಸಬೇಕು. ಮೂರೂ ಹಾಗಿದ್ದರೆ ಮೂರಕ್ಕೂ ಸಮಾನವಾದ ದಾರಿಯಲ್ಲಿ, ಎಂದರೆ ಪೆಟ್ರೋಲ್ ಬರುವ ದಾರಿಯಲ್ಲಿ ಹುಡುಕಬೇಕು.

ದಾರಿಯನ್ನು ಎರಡಾಗಿ ಸೀಳುವುದು

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯೊಂದಿರುತ್ತದೆ. ಅದನ್ನು ಅಡಿಕೆ ತೋಟದ ನೀರಿನ ಟಾಂಕಿಗೆ ಹೋಲಿಸಬಹುದು. ಒಳಗೆ ಬರುವ ನೀರು ಕಡಿಮೆಯಿದ್ದರೂ ಹೊರಗೆ ಬಿಡುವುದು ಇನ್ನೂ ಕಡಿಮೆಯಿದ್ದರೆ ಟಾಂಕಿ ತುಂಬಿಯೇ ಇರುತ್ತದೆ. ಎಲ್ಲ ಗೇಟುಗಳನ್ನೂ ಒಮ್ಮೆಲೇ ತೆರೆದಾಗ ಮಾತ್ರ ಬರುವುದು ಸಾಲದೆಂದು ತಿಳಿಯುತ್ತದೆ. ಏರಿನಲ್ಲಿ ಕಾಲು ಕಿಲೋಮೀಟರ್ ಹೋಗುವಷ್ಟರಲ್ಲಿ ಆ ತೊಟ್ಟಿ ಬರಿದಾಗುತ್ತಿತ್ತು. ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡುವಾಗ ತುಂಬಿಕೊಳ್ಳುತ್ತಿತ್ತು.

ಹಾಗಾದರೆ ತಡೆ ಎಲ್ಲಿ? ಹಿಂಬದಿಯ ಟಾಂಕಿಯಿಂದ ರಬ್ಬರ್ ಪೈಪು, ಅಲ್ಲಿಂದ ಕಾರಿನ ಅಡಿಯುದ್ದಕ್ಕೂ ಲೋಹದ ನಳಿಗೆ, ಮತ್ತೆ ರಬ್ಬರ್ ಪೈಪು, ಫಿಲ್ಟರ್, ಎಂಜಿನ್ನಿನಿಂದಲೇ ನಡೆಯುವ ಪಂಪು, ಕೊನೆಗೆ ಕಾರ್ಬ್ಯುರೇಟರ್ — ಇಷ್ಟು ಉದ್ದದ ದಾರಿ. ಹಿಂದಿನ ಗ್ಯಾರೇಜಿನವರು ದಾರಿಯ ಕೊನೆಯಲ್ಲಿರುವ ಕಾರ್ಬ್ಯುರೇಟರಿನಿಂದ ಆರಂಭಿಸಿ, ಅಲ್ಲಿಯೇ ಉಳಿದಿದ್ದರು. ಹಿರಿಯರು ದಾರಿಯನ್ನು ನಡುವೆ ಸೀಳಿದರು.

ಮೊದಲು ಟಾಂಕಿಯ ಮುಚ್ಚಳ. ಅದರ ಗಾಳಿರಂಧ್ರ ಮುಚ್ಚಿದ್ದರೆ ಪೆಟ್ರೋಲ್ ಹೋದಂತೆ ಟಾಂಕಿಯೊಳಗೆ ನಿರ್ವಾತವಾಗಿ ಪಂಪು ಸೋಲುತ್ತದೆ. ಕಾರು ಸೋತ ಕ್ಷಣದಲ್ಲಿ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಬೇಕು. ಅದೇ ಏರಿಗೆ ಕಾರನ್ನು ಒಯ್ದು ನೋಡಿದರು. ಸದ್ದು ಬರಲಿಲ್ಲ, ಮುಚ್ಚಳ ನಿರಪರಾಧಿ.

ಆಮೇಲೆ ಪಂಪಿಗೆ ಪೆಟ್ರೋಲ್ ಬರುವ ಪೈಪನ್ನು ಕಳಚಿ, ಎಂಜಿನ್ನಿನ ಬಿಸಿಯಿಂದ ದೂರದಲ್ಲಿ ಬಿಗಿಯಾಗಿ ಕಟ್ಟಿದ ಪುಟ್ಟ ಕ್ಯಾನಿನಿಂದ ನೇರವಾಗಿ ಪಂಪಿಗೆ ಪೆಟ್ರೋಲ್ ಕೊಟ್ಟರು. ಇದು ಬೆಂಕಿಯ ಅಪಾಯವಿರುವ ಕೆಲಸ. ನುರಿತವರು, ಬೆಂಕಿ ಆರಿಸುವ ಸಲಕರಣೆಯನ್ನು ಕೈಯಲ್ಲಿರಿಸಿಕೊಂಡು, ನಿರ್ಜನವಾದ ದಾರಿಯಲ್ಲಿ ಮಾಡಬೇಕಾದದ್ದು. ಓದುಗರು ಮನೆಯಲ್ಲಿ ಪ್ರಯತ್ನಿಸತಕ್ಕದ್ದಲ್ಲ. ಕಾರು ಆ ಏರನ್ನು ಒಂದೇ ಉಸಿರಿನಲ್ಲಿ ಹತ್ತಿತು. ತಿರುಗಿ ಬಂದು ಇನ್ನೊಮ್ಮೆ ಹತ್ತಿತು. ಪಂಪು, ಕಾರ್ಬ್ಯುರೇಟರ್, ಕಿಡಿ, ಎಂಜಿನ್ ಎಲ್ಲವೂ ಒಮ್ಮೆಗೇ ಬಿಡುಗಡೆ ಹೊಂದಿದವು. ತಪ್ಪು ಟಾಂಕಿಗೂ ಪಂಪಿಗೂ ನಡುವೆ ಇತ್ತು.

ಕಾರಿನ ಅಡಿಯಲ್ಲಿ ಮಲಗಿ ನೋಡಿದಾಗ ಟಾಂಕಿಯ ಬಾಯಿಗೂ ಲೋಹದ ನಳಿಗೆಗೂ ನಡುವಣ ಗೇಣುದ್ದದ ರಬ್ಬರ್ ಪೈಪು ಕೈಗೆ ಮೆತ್ತಗೆ ಹತ್ತಿತು. ಹೊರಗಿನಿಂದ ಬಿರುಕಿಲ್ಲ, ಸೋರಿಕೆಯಿಲ್ಲ. ಕೊಯ್ದು ನೋಡಬಹುದಿತ್ತು, ಅವರು ಕೊಯ್ಯಲಿಲ್ಲ. ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದರು. ಕಾರು ಏರಿತು. ಕೃಷಿಕನು ಹಣಕ್ಕಾಗಿ ಕಿಸೆಗೆ ಕೈ ಹಾಕಿದಾಗ ಅವರು ತಡೆದು, ಹೊಸ ಪೈಪನ್ನು ಕಳಚಿ ಹಳೆಯದನ್ನೇ ಪುನಃ ಜೋಡಿಸಿದರು.

“ಸರಿಯಾಯಿತಲ್ಲ, ಇನ್ನು ಹಳೆಯದು ಯಾಕೆ?”

“ನಿಮ್ಮ ಗಾಡಿ ಈ ಮೊದಲೂ ಮೂರು ಸಲ ಸರಿಯಾಗಿದೆ ಮಾರಾಯ್ರೆ. ಇದು ನಾಲ್ಕನೆಯದ್ದು ಆಗಬಾರದು.”

ಹಳೆಯ ಪೈಪಿನೊಡನೆ ಕಾರು ಅದೇ ಏರಿನಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸೋತಿತು. ಹೊಸದನ್ನು ಹಾಕಿದಾಗ ಮತ್ತೆ ಏರಿತು. ಕೊನೆಗೆ ಹಳೆಯದನ್ನು ಸೀಳಿ ತೋರಿಸಿದರು. ಒಳಪದರವು ಮೆತ್ತಗಾಗಿ ಅಂಟಂಟಾಗಿತ್ತು. ಪಂಪು ಜೋರಾಗಿ ಎಳೆದಾಗ ಆ ಪೈಪು ಚಪ್ಪಟೆಯಾಗಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಎಳೆತ ನಿಂತಾಗ ತೆರೆದುಕೊಳ್ಳುತ್ತಿತ್ತು. ಪೈಪು, ಕ್ಲಿಪ್ಪುಗಳ ಬೆಲೆ ಇನ್ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ಗುಣವಾದದ್ದು ಪುರಾವೆಯಲ್ಲ

ಹಿಂದಿನ ದುರಸ್ತಿಯ ನಂತರ ಮೂರು ವಾರ ಕಾರು ಚೆನ್ನಾಗಿ ಓಡಿದ್ದು ಹೇಗೆ? ಆ ಸಲ ಹೊಸ ಫಿಲ್ಟರ್ ಹಾಕಲಾಗಿತ್ತು. ಶುಚಿಯಾದ ಫಿಲ್ಟರಿನಲ್ಲಿ ತಡೆ ಕಡಿಮೆ. ಪಂಪಿಗೆ ಅಷ್ಟು ಜೋರಾಗಿ ಎಳೆಯಬೇಕಾಗಲಿಲ್ಲ. ಸೋತ ಪೈಪು ಚಪ್ಪಟೆಯಾಗಲಿಲ್ಲ. ಫಿಲ್ಟರಿನಲ್ಲಿ ಸ್ವಲ್ಪ ಕಸ ಕಟ್ಟಿದೊಡನೆ ಎಳೆತ ಹೆಚ್ಚಿ ಹಳೆಯ ರೋಗ ಮರುಕಳಿಸಿತು. ಈ ನಡುವೆ ಮೆಕ್ಯಾನಿಕನಿಗೂ ಕೃಷಿಕನಿಗೂ ಕಾರ್ಬ್ಯುರೇಟರೇ ಕಾರಣವೆಂಬ ನಂಬಿಕೆ ಗಟ್ಟಿಯಾಗಿತ್ತು. ಒಂದು ಭಾಗವನ್ನು ಬದಲಿಸಿದ ಮೇಲೆ ಕಾರು ಸರಿಯಾಯಿತೆಂದ ಮಾತ್ರಕ್ಕೆ ಆ ಭಾಗವೇ ಕೆಟ್ಟಿತ್ತೆಂದು ಸಿದ್ಧವಾಗುವುದಿಲ್ಲ. ದೋಷವನ್ನು ಬೇಕೆಂದಾಗ ಬರಿಸಿ, ಬೇಡವೆಂದಾಗ ಕಳುಹಿಸಲು ಸಾಧ್ಯವಾದಾಗ ಮಾತ್ರ ಕಾರಣ ಸಿಕ್ಕಿತೆನ್ನಬಹುದು.

ಒಂದು ಸಂಗತಿ ಇದೆ ಎಂದು ಯಾರು ಪ್ರತಿಪಾದಿಸುತ್ತಾರೋ, ಅದನ್ನು ಸಾಬೀತುಪಡಿಸುವ ಹೊಣೆಯೂ ಅವರದೇ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ತತ್ತ್ವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಎಂಜಿನ್ ಬಿಚ್ಚಬೇಕೆಂದು ಹೇಳುವವರಿಗೂ ಇದನ್ನು ಅನ್ವಯಿಸಬೇಕು. ರಿಂಗು ಸವೆದಿದೆ ಎಂಬುದಕ್ಕೆ ಕಂಪ್ರೆಷನ್ ಪರೀಕ್ಷೆಯೆಂಬ ಪುರಾವೆ ಇದೆ. ಪ್ಲಗ್ಗಿನ ಜಾಗದಲ್ಲಿ ಮಾಪಕವನ್ನಿಟ್ಟು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆದು ಬರೆದುಕೊಳ್ಳಬೇಕು. ಒಂದು ಸಿಲಿಂಡರಿನಲ್ಲಿ ಕಡಿಮೆ ಕಂಡರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗಿನ ದೋಷ. ಏರದಿದ್ದರೆ ವಾಲ್ವಿನದೋ ಹೆಡ್ ಗ್ಯಾಸ್ಕೆಟಿನದೋ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೇ ಕಡಿಮೆಯಾಗಿದ್ದರೆ ಗ್ಯಾಸ್ಕೆಟನ್ನು ಮೊದಲು ಶಂಕಿಸಬೇಕು. ಅರ್ಧ ಗಂಟೆಯ ಈ ಪರೀಕ್ಷೆಯಿಲ್ಲದೆ ಎಂಜಿನ್ ಬಿಚ್ಚುವುದೆಂದರೆ ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸಿದಂತೆ.

ಇಂಧನದ ದಾರಿ ನಿರ್ದೋಷಿಯಾಗಿದ್ದರೆ ಇನ್ನೆರಡು ಕಡೆ ನೋಡಬೇಕಿತ್ತು. ಒಂದು, ಹೊಗೆ ಹೋಗುವ ದಾರಿ. ಸೈಲೆನ್ಸರಿನ ಒಳಗಿನ ತಗಡು ತುಕ್ಕು ಹಿಡಿದು ಕುಸಿದರೆ, ಅಥವಾ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೆ, ಎಂಜಿನ್ ಉಸಿರು ಬಿಡಲಾರದು. ಇದಕ್ಕೆ ನಿರ್ವಾತ ಮಾಪಕವೇ ಸಾಕ್ಷಿ. ಆರೋಗ್ಯವಂತ ಎಂಜಿನ್ ನಿಧಾನವಾಗಿ ತಿರುಗುವಾಗ ಮುಳ್ಳು ಸಾಮಾನ್ಯವಾಗಿ 17ರಿಂದ 22 ಇಂಚು ಪಾದರಸದಲ್ಲಿ ಅಲುಗದೆ ನಿಲ್ಲುತ್ತದೆ. ವೇಗ ಹೆಚ್ಚಿಸಿ ಹಿಡಿದಾಗ ಮುಳ್ಳು ಕ್ರಮೇಣ ಇಳಿಯುತ್ತಲೇ ಹೋದರೆ ಹೊಗೆಯ ದಾರಿ ಕಟ್ಟಿದೆ. ಎರಡು, ಟೈಮಿಂಗ್. ಬೆಲ್ಟ್ ಬದಲಿಸಿದ ಮಾರನೆಯ ದಿನದಿಂದಲೇ ಶಕ್ತಿ ಕುಂದಿದರೆ, ಬೆಲ್ಟು ಒಂದು ಹಲ್ಲು ತಪ್ಪಿ ಕುಳಿತಿದೆಯೇ ಎಂದು ನೋಡಬೇಕು. ಆರು ತಿಂಗಳಿಗೊಮ್ಮೆ ಇಂತಹ ಹಳೆಯ ಕಾರುಗಳು ಪಡೆಯಬೇಕಾದ ಹೊಗೆ ತಪಾಸಣೆಯ ಚೀಟಿಯೂ ಉಪಯುಕ್ತ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಹೈಡ್ರೋಕಾರ್ಬನ್ ವಿಪರೀತವಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸುಡದೆ ಹೊರಬರುತ್ತಿರಬಹುದು. ಎಲ್ಲರೂ ಆ ಚೀಟಿಯನ್ನು ಪೊಲೀಸರಿಗೆ ತೋರಿಸಲು ಇಟ್ಟುಕೊಳ್ಳುತ್ತಾರೆ. ಮೆಕ್ಯಾನಿಕನಿಗೆ ತೋರಿಸುವವರು ವಿರಳ.

ಎಥೆನಾಲಿನ ಪ್ರಶ್ನೆ

ಸೀಳಿದ ಪೈಪನ್ನು ಕಂಡವರೆಲ್ಲ ಒಂದೇ ಮಾತಿನಲ್ಲಿ ತೀರ್ಪಿತ್ತರು: ಎಲ್ಲ ಎಥೆನಾಲಿನ ಮಹಿಮೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ವ್ಯವಸ್ಥೆ 2023ರಲ್ಲಿ ಆರಂಭವಾಗಿ ಈಗ ದೇಶದಾದ್ಯಂತ ಹಬ್ಬಿದೆ. ಎಥೆನಾಲ್ ಹಳೆಯ ಮಾದರಿಯ ಕೆಲವು ರಬ್ಬರುಗಳನ್ನು ಉಬ್ಬಿಸಿ ಮೆತ್ತಗಾಗಿಸಬಲ್ಲದು, ನೀರನ್ನು ಹೀರಿಕೊಳ್ಳುತ್ತದೆ, ಟಾಂಕಿಯ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ಒಯ್ಯುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಅದರಲ್ಲಿರುವ ಶಕ್ತಿಯೂ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ವಾಹನಗಳಿಗಾಗಿ ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಒದಗಿಸಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ಇವೆಲ್ಲ ನಿಜ. ಆದರೆ ಈ ಪೈಪನ್ನು ಎಥೆನಾಲೇ ಕೊಂದಿತೆಂಬುದಕ್ಕೆ ಪುರಾವೆಯಿರಲಿಲ್ಲ. ಕಾಲು ಶತಮಾನ ದಾಟಿದ ರಬ್ಬರು ವಯಸ್ಸಿನಿಂದಲೂ ಬಿಸಿಯಿಂದಲೂ ಸೋಲಬಲ್ಲದು. ಕಾರಿನ ಬಳಿ ನಿಂತವರಿಗೆ ಬೇಕಾದದ್ದು ಆರೋಪವಲ್ಲ, ಮುನ್ನೆಚ್ಚರಿಕೆ. ಹತ್ತಿಪ್ಪತ್ತು ವರ್ಷ ಹಳೆಯ ಪೆಟ್ರೋಲ್ ಕಾರಿನ ರಬ್ಬರ್ ಪೈಪುಗಳನ್ನೆಲ್ಲ ಎಥೆನಾಲ್ ತಾಳುವ ಹೊಸ ಪೈಪುಗಳಿಗೆ ಬದಲಿಸಿಕೊಳ್ಳುವುದು ವಿವೇಕ. ಕಾರಣ ಯಾವುದಿದ್ದರೂ ಈ ಮದ್ದು ಕೆಲಸ ಮಾಡುತ್ತದೆ. ಮೆತ್ತಗಾದ ಪೈಪು ಒಂದು ದಿನ ಚಪ್ಪಟೆಯಾಗುವ ಬದಲು ಬಿರಿದರೆ, ಆಗ ಪ್ರಶ್ನೆ ಶಕ್ತಿಯದಲ್ಲ, ಬೆಂಕಿಯದು.

ಕಾಗದವಿದ್ದರೆ ಹಕ್ಕು

ಕೃಷಿಕನಿಗೆ ಮೊದಲ ಗ್ಯಾರೇಜಿನ ಮೇಲೆ ಕೋಪವಿತ್ತು. ದೂರು ಕೊಡಬಹುದೇ ಎಂದೂ ವಿಚಾರಿಸಿದನು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದುರಸ್ತಿಯೂ ಸೇವೆಯೇ. ಸೇವೆಯಲ್ಲಿ ನ್ಯೂನತೆಯಿದ್ದರೆ ಎರಡು ವರ್ಷದೊಳಗೆ ತಾನು ವಾಸಿಸುವ ಜಿಲ್ಲೆಯ ಆಯೋಗದ ಮುಂದೆ ದೂರು ಸಲ್ಲಿಸಬಹುದು. ಕೊಟ್ಟ ಪ್ರತಿಫಲ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬಿಲ್ಲು ಕೊಡದಿರುವುದನ್ನು ಕಾಯಿದೆಯೇ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಆದರೆ ಅವನ ಕೈಯಲ್ಲಿ ಬಿಲ್ಲಿರಲಿಲ್ಲ. ಕಳಚಿದ ಹಳೆಯ ಭಾಗಗಳಿರಲಿಲ್ಲ. ಯಾವ ದೂರಿಗೆ ಯಾವ ಕೆಲಸ ಮಾಡಲಾಯಿತೆಂಬ ಬರಹವಿರಲಿಲ್ಲ. ಮೇಲಾಗಿ ರೋಗವನ್ನು ಒಂದು ಸಲ ತಪ್ಪಾಗಿ ಊಹಿಸಿದ್ದೇ ನಿರ್ಲಕ್ಷ್ಯವಾಗುವುದಿಲ್ಲ. ಪರೀಕ್ಷಿಸದೆ ಬದಲಿಸುತ್ತ ಹೋದರೆಂದು ತೋರಿಸಬೇಕಾಗುತ್ತದೆ, ಅದಕ್ಕೆ ಕಾಗದ ಬೇಕಾಗುತ್ತದೆ. ಮೊದಲ ಗ್ಯಾರೇಜಿನವರು ಮೋಸಗಾರರೂ ಆಗಿರಲಿಲ್ಲ, ಅವಸರದವರಾಗಿದ್ದರು. ಅವರನ್ನು ಅವಸರಪಡಿಸಿದವರಲ್ಲಿ, ‘ಸಂಜೆಯೊಳಗೆ ಕೊಡಿ’ ಎಂದ ಕೃಷಿಕನೂ ಒಬ್ಬನು.

ಆದುದರಿಂದ ಕಾರನ್ನು ದುರಸ್ತಿಗೆ ಒಪ್ಪಿಸುವವರು ಐದು ಕೆಲಸಗಳನ್ನು ಮಾಡಬೇಕು. ದೂರನ್ನು ಸಂಗತಿಗಳ ರೂಪದಲ್ಲಿ ಬರೆದು ಕೊಡಬೇಕು: ಎಲ್ಲಿ, ಯಾವಾಗ, ಎಷ್ಟು ದೂರ ಹೋದ ಮೇಲೆ. ಯಾವ ಪರೀಕ್ಷೆಯಿಂದ ಈ ಭಾಗ ಕೆಟ್ಟಿದೆ ಎಂದು ತಿಳಿಯಿತೆಂದು ವಿನಯದಿಂದ ಕೇಳಬೇಕು. ಬದಲಿಸಿದ ಹಳೆಯ ಭಾಗವನ್ನೂ ಬಿಲ್ಲನ್ನೂ ಪಡೆಯಬೇಕು. ಜಾಬ್ ಕಾರ್ಡ್ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿಸಿ ತಿಳಿದ ಬಳಿಕವೇ ಸಹಿ ಹಾಕಬೇಕು. ಕೊನೆಯದಾಗಿ, ದೋಷ ಕಾಣಿಸಿಕೊಂಡ ಜಾಗದಲ್ಲಿಯೇ ಮೆಕ್ಯಾನಿಕನನ್ನು ಕೂರಿಸಿಕೊಂಡು ಓಡಿಸಿ ನೋಡಬೇಕು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆನಂತರ ಐದೈದು ವರ್ಷಕ್ಕೆ ನವೀಕರಿಸಲು ಮೋಟಾರು ವಾಹನ ಕಾಯಿದೆಯ 41ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. 1998ರಲ್ಲಿ ನೋಂದಣಿಯಾದ ಈ ಕಾರು 2013, 2018, 2023ರಲ್ಲಿ ತಪಾಸಣೆಗೆ ನಿಂತು ಉತ್ತೀರ್ಣವಾಗಿದೆ; ಅದರ ಆಯುಸ್ಸು 2028ರವರೆಗೆ ಕಾಗದದ ಮೇಲೆ ಭದ್ರವಾಗಿದೆ. ಏರಿನ ಮೇಲೆ ಅದನ್ನು ಭದ್ರಪಡಿಸಿದ್ದು ಗೇಣುದ್ದದ ಪೈಪು ಮತ್ತು ಒಬ್ಬ ಹಿರಿಯರ ಒಂದು ದಿನದ ತಾಳ್ಮೆ.

ಮುಂದಿನ ತಿಂಗಳು ವೃದ್ಧೆಯನ್ನು ತಪಾಸಣೆಗೆ ಒಯ್ಯುವಾಗ ಮಗನು ಅದೇ ದಾರಿಯನ್ನು ಹಿಡಿದನು. ನೀರ್ಚಾಲು ದಾಟಿ ಏರು ಹತ್ತಿರವಾದಾಗ ತಾಯಿ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಾರು ಮೂರನೆಯ ಗೇರಿನಲ್ಲಿಯೇ ಮೇಲೇರಿತು. ತುದಿಯನ್ನು ದಾಟಿದ ಎಷ್ಟೋ ಹೊತ್ತಿನ ಬಳಿಕ ಅವರು ಕೈಯನ್ನು ಸಡಿಲಿಸಿದರು.